‘ನನ್ನ ಯಂತ್ರದಲ್ಲಿ ಸರಿಯಾಗಿಯೇ ಓಡುತ್ತಿದೆಯಲ್ಲ!’

ನಾಗಪುರದ ಪ್ರತಾಪ ನಗರದಲ್ಲಿ ನಮ್ಮ ಓಣಿಯ ತುದಿಗೆ ಒಂದು ಕಿರಾಣಿ ಅಂಗಡಿಯಿದೆ. ಬಿಲ್ಲಿನ ಮೇಲೆ ಅಂಗಡಿಯ ಹೆಸರು ಮರಾಠಿಯಲ್ಲೇ ಬರಬೇಕೆಂಬುದು ಮಾಲೀಕರ ಆಸೆ. ಬಿಡುವಿನಲ್ಲಿ ಅವರಿಗೊಂದು ಸಣ್ಣ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟೆ. ಸಿ ಭಾಷೆಯಲ್ಲಿ ನಾನೇ ಹಿಂದೆ ಬರೆದಿದ್ದ ಲೈಬ್ರರಿಯೊಂದು ಅದರ ಬುನಾದಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟ ಅಂಗೈಯಗಲದ ಆರ್ಮ್ ಬೋರ್ಡಿನಲ್ಲಿ, ಲಿನಕ್ಸ್ ಮೇಲೆ, ಹೆಸರು ಚೆನ್ನಾಗಿ ಅಚ್ಚಾಯಿತು. ಅವರ ಮಗನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಹೆಸರಿನ ಜಾಗ ಖಾಲಿ. ಕನ್ನಡದಲ್ಲಿ ನನ್ನ ಹೆಸರು ಹಾಕಿ ನೋಡಿದೆ, ಅದೂ ಖಾಲಿ. ಇಂಗ್ಲಿಷ್ ಅಕ್ಷರ ಹಾಕಿದರೆ ಮಾತ್ರ ಏನೂ ತೊಂದರೆಯಿಲ್ಲ.

ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೊದಲು ಫಾಂಟನ್ನು ಬೈದೆ, ಆಮೇಲೆ ವಿಂಡೋಸನ್ನು ಬೈದೆ. ಕೊನೆಗೆ, ವಿಂಡೋಸ್ ಇದ್ದರೆ ಅಕ್ಷರ ಶುದ್ಧಿ ಮಾಡುವ ಭಾಗವನ್ನೇ ಬಿಟ್ಟುಬಿಡು ಎಂಬ ಒಂದು ಷರತ್ತನ್ನು ಕೋಡಿಗೆ ಸೇರಿಸಿದೆ. ಹೆಸರು ಬಂತು. ಗೆದ್ದೆ ಅಂದುಕೊಂಡೆ. ಮರುವಾರ ಗೆಳೆಯನ ಇಂಟೆಲ್ ಲ್ಯಾಪ್‌ಟಾಪಿನಲ್ಲಿ, ಲಿನಕ್ಸಿನಲ್ಲೇ, ಹೆಸರು ಮತ್ತೆ ಮಾಯ.

ಆಗ ಬುದ್ಧಿ ಬಂತು. ಊಹೆ ಬಿಟ್ಟು, ಹೆಸರಿನ ಒಂದೊಂದು ಬೈಟನ್ನೂ ಸಂಖ್ಯೆಯಾಗಿ ಅಚ್ಚು ಹಾಕಿಸಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ದೇವನಾಗರಿಯದೂ ಮೂರೇ, ಮೊದಲನೆಯದು ಅದೇ 224. ನನ್ನ ಲೈಬ್ರರಿಯಲ್ಲಿ, ಬೆಲೆ 32ಕ್ಕಿಂತ ಕಡಿಮೆಯಿದ್ದರೆ ಅದು ಕಂಟ್ರೋಲ್ ಕ್ಯಾರೆಕ್ಟರ್, ಎಸೆದುಬಿಡು ಎಂಬ ಒಂದು ಸಾಲಿತ್ತು. 224 ಎಂಬುದು 32ಕ್ಕಿಂತ ದೊಡ್ಡದು ತಾನೇ? ಆರ್ಮ್ ಬೋರ್ಡಿನ ಲಿನಕ್ಸ್ ಹಾಗೆಯೇ ತಿಳಿಯಿತು. ಇಂಟೆಲ್ ಯಂತ್ರಗಳಲ್ಲಿ ಅದೇ ಬೈಟು ಮೈನಸ್ 32 ಆಗುತ್ತದೆ. 178 ಮೈನಸ್ 78 ಆಗುತ್ತದೆ. ಹೀಗೆ ಹೆಸರಿನ ಎಲ್ಲ ಬೈಟುಗಳೂ ಋಣಸಂಖ್ಯೆಗಳಾಗಿ, ಒಂದೂ ಉಳಿಯದಂತೆ ಕಸದ ಬುಟ್ಟಿಗೆ ಹೋಗುತ್ತಿದ್ದವು.

ಸಿ ಭಾಷೆಯ ‘ಚಾರ್’ ಋಣಸಂಖ್ಯೆಯನ್ನು ಹಿಡಿಯಬಲ್ಲುದೇ ಇಲ್ಲವೇ ಎಂಬುದನ್ನು ಭಾಷೆ ತೀರ್ಮಾನಿಸಿಲ್ಲ. ಅದಕ್ಕೆ ಚರಿತ್ರೆಯ ಕಾರಣವಿದೆ. ಸಿ ಬೆಳೆದ ಪಿಡಿಪಿ-11 ಯಂತ್ರ ಬೈಟನ್ನು ಚಿಹ್ನೆಯ ಸಮೇತ ಓದುತ್ತಿತ್ತು. ಹಳೆಯ ಆರ್ಮ್ ಚಿಪ್ಪುಗಳಲ್ಲಿ ಬೈಟನ್ನು ಚಿಹ್ನೆಯಿಲ್ಲದೆ ಓದುವ ಸೂಚನೆ ಮಾತ್ರ ಇತ್ತು. ಎರಡೂ ಕಡೆ ಪ್ರೋಗ್ರಾಂ ವೇಗವಾಗಿ ಓಡಲಿ ಎಂದು 1989ರ ಸಿ ಮಾನಕವು ಆಯ್ಕೆಯನ್ನು ಕಂಪೈಲರ್ ಮಾಡುವವರಿಗೇ ಬಿಟ್ಟಿತು. ಹೋಗಲಿ, ಇದು ಚಿಪ್ಪಿನ ಗುಣ ಎಂದಾದರೂ ಹೇಳೋಣವೇ? ಅದೂ ಆಗದು. ಆಪಲ್‌ನವರ ಆರ್ಮ್ ಮ್ಯಾಕ್‌ಗಳಲ್ಲಿ ಚಾರ್‌ಗೆ ಚಿಹ್ನೆಯಿದೆ, ಆರ್ಮ್ ಲಿನಕ್ಸಿನಲ್ಲಿ ಇಲ್ಲ.

ನನ್ನ ವಾದ ಇಷ್ಟೇ. ಒಂದು ಕಡೆ ಓಡಿ ಇನ್ನೊಂದು ಕಡೆ ಕೆಟ್ಟರೆ ನಾವು ಕೆಟ್ಟ ಕಡೆಯನ್ನು ದೂರುತ್ತೇವೆ. ನನ್ನ ಪ್ರೋಗ್ರಾಂ ಆರ್ಮ್ ಮೇಲೆ ಓಡಿದ್ದು ಅದು ಸರಿಯಾಗಿತ್ತೆಂದಲ್ಲ, ಅದೃಷ್ಟ ಚೆನ್ನಾಗಿತ್ತೆಂದು. ನಾನು ಹೇಳದೆ ನಂಬಿಕೊಂಡಿದ್ದ ಒಂದು ಸಂಗತಿಯನ್ನು ಆ ಯಂತ್ರ ಸುಮ್ಮನೆ ನಡೆಸಿಕೊಟ್ಟಿತ್ತು. ಪ್ಲಾಟ್‌ಫಾರ್ಮಿಗೊಂದು ಷರತ್ತು ಸೇರಿಸುತ್ತ ಹೋಗುವುದು ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ಮಳೆ ದಿಕ್ಕು ಬದಲಿಸಿದರೆ ಇನ್ನೊಂದು ಪಾತ್ರೆ ಬೇಕು. ಕೊನೆಗೆ ನಾನು ಮಾಡಿದ ದುರಸ್ತಿ ಒಂದು ಪದದ್ದು: ಹೋಲಿಸುವ ಮುನ್ನ ಬೈಟನ್ನು ಚಿಹ್ನೆರಹಿತ ಎಂದು ಘೋಷಿಸಿದೆ. ವಿಂಡೋಸಿನ ಷರತ್ತನ್ನು ಅಳಿಸಿ ಹಾಕಿದೆ. ಈಗ ಎಲ್ಲ ಕಡೆಯೂ ಒಂದೇ ಕೋಡು.

ಇದನ್ನು ಹಿಡಿಯಲು ಹತ್ತು ಯಂತ್ರ ಬೇಕಿಲ್ಲ. ಚಾರ್ ಅನ್ನು ಚಿಹ್ನೆಯೊಂದಿಗೆ ಎಣಿಸು, ಚಿಹ್ನೆಯಿಲ್ಲದೆ ಎಣಿಸು ಎಂದು ಹೇಳುವ ಎರಡು ಆಯ್ಕೆಗಳು ಜಿಸಿಸಿ ಕಂಪೈಲರಿನಲ್ಲೇ ಇವೆ. ಇರುವ ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಬಗೆಯಾಗಿಯೂ ಕಂಪೈಲ್ ಮಾಡಿ, ಎರಡರ ಫಲವೂ ಒಂದೇ ಇದೆಯೇ ನೋಡಿದರೆ ಸಾಕು. ಲಿನಕ್ಸ್ ಕರ್ನಲ್‌ನವರೇ ಈ ಗೊಂದಲದಿಂದ ಬೇಸತ್ತು, 2023ರಲ್ಲಿ ಬಂದ 6.2 ಆವೃತ್ತಿಯಿಂದ ಎಲ್ಲ ಚಿಪ್ಪುಗಳಲ್ಲೂ ಚಿಹ್ನೆರಹಿತ ಚಾರ್ ಎಂದು ನಿಯಮ ಮಾಡಿಕೊಂಡರು.

ಇಷ್ಟಕ್ಕೆಲ್ಲ ಸಿ ಯಾಕೆ, ರಸ್ಟ್‌ನಂಥ ಹೊಸ ಭಾಷೆ ಹಿಡಿಯಬಾರದೇ ಎಂದು ಕೇಳುವವರಿದ್ದಾರೆ. ರಸ್ಟ್‌ನಲ್ಲಿ ಈ ತಪ್ಪು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಮೊಬೈಲಿನೊಳಗಿನ ಎಸ್‌ಕ್ಯೂಲೈಟ್ ಸಿಯಲ್ಲಿದೆ, ಹೆಚ್ಚಿನವರು ಬಳಸುವ ಪೈಥಾನ್ ಸಿಯಲ್ಲಿದೆ. ಮೇಲಿನ ಮಹಡಿಗೆ ಹೊಸ ಬಣ್ಣ ಬಳಿದರೂ ಅಡಿಪಾಯ ಹಳೆಯದೇ, ಮತ್ತು ಅದನ್ನು ನೋಡಿಕೊಳ್ಳುವವರು ಬೇಕು.

ಇಲ್ಲಿ ಕನ್ನಡಿಗರಿಗೊಂದು ಅನುಕೂಲವಿದೆ. ನಮ್ಮ ಲಿಪಿಯೇ ಪುಕ್ಕಟೆ ಪರೀಕ್ಷೆ. ‘ಕನ್ನಡ’ ಎಂಬುದು ಕಣ್ಣಿಗೆ ಮೂರಕ್ಷರ. ಯೂನಿಕೋಡಿಗೆ ಐದು ಸಂಕೇತ, ಮೆಮೊರಿಯಲ್ಲಿ ಹದಿನೈದು ಬೈಟು. ‘ಚಂದ್ರಶೇಖರ’ ಎಂಬ ಹೆಸರಿಗೆ 27 ಬೈಟು ಬೇಕು. ಹೆಸರಿಗೆ ಇಪ್ಪತ್ತು ಸಾಕು ಎಂದು ಜಾಗ ಇಟ್ಟವನ ಪ್ರೋಗ್ರಾಮಿನಲ್ಲಿ ಅದು ‘ಚಂದ್ರಶ’ ಆಗಿ, ಬಾಲದಲ್ಲಿ ಒಂದು ಮುರುಕು ಬೈಟನ್ನು ಹೊತ್ತು ನಿಲ್ಲುತ್ತದೆ. ಇಂಗ್ಲಿಷ್ ಹೆಸರುಗಳಿಂದಲೇ ಪರೀಕ್ಷಿಸುವವರಿಗೆ ಇದು ವರ್ಷಗಟ್ಟಲೆ ಕಾಣುವುದಿಲ್ಲ. ಆದ್ದರಿಂದ ಲೈಬ್ರರಿ ಬರೆಯುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಪರೀಕ್ಷೆಗಳಲ್ಲಿ ನಿಮ್ಮ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಒಂದು ಸಲ ಹಾಕಿ. ಬೇರೆಯವರ ಲೈಬ್ರರಿಯಲ್ಲಿ ಅದು ಕೆಟ್ಟರೆ, ಹತ್ತು ಸಾಲಿನ ಪುಟ್ಟ ಪ್ರೋಗ್ರಾಮಿನಲ್ಲಿ ಕೆಟ್ಟದ್ದನ್ನು ತೋರಿಸಿ ಅವರಿಗೆ ಕಳಿಸಿ.

ದುರಸ್ತಿ ಮುಗಿಸಿ ಅಂಗಡಿಗೆ ಹೋದಾಗ ಮಾಲೀಕರು ಬಿಲ್ಲಿನ ಹೆಸರನ್ನು ಇಂಗ್ಲಿಷಿಗೆ ಬದಲಿಸಿಬಿಟ್ಟಿದ್ದರು. “ಇರಲಿ ಬಿಡಿ, ಇದರಲ್ಲಾದರೆ ತಕರಾರಿಲ್ಲ” ಎಂದರು. ಅವರು ನನ್ನ ಕೋಡನ್ನು ದೂರಲಿಲ್ಲ, ತಮ್ಮ ಭಾಷೆಗೇ ಕಂಪ್ಯೂಟರ್ ಒಗ್ಗುವುದಿಲ್ಲ ಅಂದುಕೊಂಡಿದ್ದರು. ನನ್ನ ಒಂದು ಸಾಲಿನ ತಪ್ಪು ಅವರ ಪಾಲಿಗೆ ಅವರ ಭಾಷೆಯ ತಪ್ಪಾಗಿತ್ತು. ಮರಾಠಿ ಹೆಸರನ್ನು ಮತ್ತೆ ಹಾಕಿಕೊಟ್ಟು, ಮೂರು ಯಂತ್ರಗಳಲ್ಲೂ ಅಚ್ಚು ಹಾಕಿ ತೋರಿಸಿದ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು.