ಉದ್ಯಾಪನೆಯಿಲ್ಲದ ವ್ರತ

ನಮ್ಮ ಬೆಳಗೋಡಿನ ಕಡೆ ಹೆಂಗಸರಿಗೆ ವ್ರತ ಹಿಡಿಯುವುದು ಹೊಸತಲ್ಲ. ಹದಿನಾರು ಸೋಮವಾರ, ಐದು ಶುಕ್ರವಾರ ಎಂದು ಎಣಿಸಿ ಹಿಡಿಯುತ್ತೇವೆ, ಕೊನೆಯ ವಾರ ಉದ್ಯಾಪನೆ ಮಾಡಿ ಬಿಡುತ್ತೇವೆ. ತೂಕ ಇಳಿಸುವುದನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇವೆ. ತಂಗಿಯ ಮಗಳ ಮದುವೆಗೆ ಮೂರು ತಿಂಗಳಿದೆ ಎನ್ನುವಾಗ ರಾತ್ರಿ ಊಟ ಬಿಡುವುದು, ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ ಹಾಕಿ ಕುಡಿಯುವುದು. ಮದುವೆ ಮುಗಿಯಿತು, ವ್ರತವೂ ಮುಗಿಯಿತು. ಯುಗಾದಿಯ ಹೊತ್ತಿಗೆ ಹೋದ ಐದು ಕಿಲೋ ಜೊತೆಗೆ ಇನ್ನೊಂದನ್ನೂ ಕರೆದುಕೊಂಡು ಮನೆಗೆ ಬಂದಿರುತ್ತದೆ.

ಆಗ ಮನೆಯವರೆಲ್ಲ ಸೇರಿ ಆಡುವ ಮಾತು ಒಂದೇ: 'ಇವಳಿಗೆ ಬಾಯಿ ಕಟ್ಟೋಕಾಗಲ್ಲ.' ಈ ಮಾತಿನ ಮೇಲೆ ನನಗೆ ತುಂಬಾ ಸಿಟ್ಟಿದೆ, ಏಕೆಂದರೆ ಅದು ಸುಳ್ಳು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ವೈದ್ಯರು ಹತ್ತು ವಾರ ಊಟ ಬಹಳ ಕಡಿಮೆ ಮಾಡಿಸಿ ಕೆಲವರ ತೂಕ ಇಳಿಸಿದರು. ಒಂದು ವರ್ಷದ ಮೇಲೆ ಪರೀಕ್ಷೆ ಮಾಡಿದಾಗಲೂ ಅವರ ರಕ್ತದಲ್ಲಿ ಹಸಿವು ಹುಟ್ಟಿಸುವ ಹಾರ್ಮೋನು ಮೊದಲಿಗಿಂತ ಏರಿಯೇ ಇತ್ತು. ಇದು ಪ್ರಕಟವಾದದ್ದು 2011ರಲ್ಲಿ. ಅಂದರೆ ಕಳೆದುಕೊಂಡ ತೂಕವನ್ನು ದೇಹ ಸಾಲ ಕೊಟ್ಟ ಸಾಹುಕಾರನ ಹಾಗೆ ಕೇಳುತ್ತಲೇ ಇರುತ್ತದೆ. ಇದಕ್ಕೆ ಬಾಯಿಚಪಲ ಎಂದು ಹೆಸರಿಟ್ಟು ಹೆಣ್ಣನ್ನು ಹಂಗಿಸುವುದು ಅನ್ಯಾಯ.

ನನ್ನ ವಾದ ಇಷ್ಟೇ. ತೂಕವನ್ನು ಬಿ.ಪಿ.ಯ ಹಾಗೆ ನೋಡಬೇಕು. ಬಿ.ಪಿ. ಮಾತ್ರೆಯನ್ನು ಮೂರು ತಿಂಗಳು ನುಂಗಿ ಯಾರೂ ಉದ್ಯಾಪನೆ ಮಾಡುವುದಿಲ್ಲ. ತೂಕ ಇಳಿಸುವುದಕ್ಕೂ ವೈದ್ಯರು ಬೇಕು. ಇಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ ಇನ್ನೂ ಹೆಚ್ಚಾಗಿ ಬೇಕು.

ಆದರೆ ನಾವು ಹೋಗುವುದು ಎಲ್ಲಿಗೆ? ಪುಡಿಯ ಡಬ್ಬಿ ಮಾರುವವರ ಮನೆಗೆ. 'ಮೂವತ್ತು ದಿನದಲ್ಲಿ ಹತ್ತು ಕಿಲೋ' ಎಂಬ ಚೀಟಿ ಬಸ್ ನಿಲ್ದಾಣದ ಕಂಬಕ್ಕೆ ಅಂಟಿರುತ್ತದೆ. ಬೊಜ್ಜು ಕರಗಿಸುವ ಔಷಧಿ ಎಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾನೂನೇ ನಿಷೇಧಿಸಿದೆ. ಆ ಕಾಯಿದೆಯ ಪಟ್ಟಿಯಲ್ಲಿ ಬೊಜ್ಜಿನ ಹೆಸರು ಸ್ಪಷ್ಟವಾಗಿದೆ. ಆದ್ದರಿಂದಲೇ ಪುಡಿಯವರು 'ಇದು ಔಷಧಿ ಅಲ್ಲಕ್ಕಾ, ಆಹಾರ' ಎನ್ನುತ್ತಾರೆ. ಆಹಾರವೇ ಆದರೆ ನಮ್ಮ ಮನೆಯ ಹುರುಳಿಕಾಳು, ಮೊಟ್ಟೆ, ಮಜ್ಜಿಗೆಗೆ ಏನಾಗಿದೆ? ತಿಂಗಳಿಗೆ ಸಾವಿರಗಟ್ಟಲೆ ಕೊಟ್ಟು ಡಬ್ಬಿ ಕೊಳ್ಳುವುದೇಕೆ?

ಹಣ ಹೋದರೆ ಹೋಗಲಿ ಎನ್ನಬಹುದಿತ್ತು. ನನಗೆ ಗೊತ್ತಿರುವ ಒಬ್ಬ ಸಕ್ಕರೆ ಕಾಯಿಲೆಯ ಹೆಣ್ಣುಮಗಳು ಎರಡು ಹೊತ್ತು ಪುಡಿ ಕಲಕಿ ಕುಡಿದು, ಮಾತ್ರೆಯನ್ನು ಮಾತ್ರ ಮೊದಲಿನಷ್ಟೇ ನುಂಗುತ್ತಿದ್ದಳು. ಒಂದು ದಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಬೆವತು ಕುಸಿದಳು. ಊಟ ಕಡಿಮೆಯಾದಾಗ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನೂ ಇನ್ಸುಲಿನ್ನನ್ನೂ ಕಡಿಮೆ ಮಾಡಬೇಕಾಗುತ್ತದೆ. ಅದನ್ನು ಹೇಳಬೇಕಾದವರು ವೈದ್ಯರು. ಡಬ್ಬಿ ಮಾರುವವರು ಮಾತ್ರೆ ಚೀಟಿ ಕೇಳುವುದಿಲ್ಲ. ಬಲು ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ ಎಂಬುದನ್ನೂ ಅವರು ಹೇಳುವುದಿಲ್ಲ.

ವೈದ್ಯರು ಮೊದಲು ಕಾರಣ ಹುಡುಕುತ್ತಾರೆ. ಥೈರಾಯ್ಡ್ ನಿಧಾನವಾಗಿದೆಯೇ, ಸಂಧಿನೋವಿಗೆಂದು ಸ್ಟೀರಾಯ್ಡ್ ನುಂಗುತ್ತಿದ್ದೀಯಾ, ನಿದ್ದೆ ಹೇಗಿದೆ ಎಂದು ಕೇಳುತ್ತಾರೆ. ಹೊಲಿಗೆ ಟೇಪು ನಮ್ಮ ಮನೆಯಲ್ಲೇ ಇದೆ: ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು. ಐದಡಿ ಎತ್ತರದವಳು 58 ಕಿಲೋ ದಾಟಿದರೆ ಭಾರತೀಯರ ಅಳತೆಯಲ್ಲಿ ಅದು ಬೊಜ್ಜೇ. ಆದರೆ ಮದುವೆ ದಿನದ ತೂಕಕ್ಕೇ ಹಿಂದಿರುಗಬೇಕೆಂದು ವೈದ್ಯರು ಹಟ ಮಾಡುವುದಿಲ್ಲ. 70 ಕಿಲೋ ಇರುವವಳು ನಾಲ್ಕೈದು ಕಿಲೋ ಇಳಿಸಿ ಉಳಿಸಿಕೊಂಡರೂ ಬಿ.ಪಿ., ಸಕ್ಕರೆ ಎರಡೂ ಹದಕ್ಕೆ ಬರತೊಡಗುತ್ತವೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಮಧುಮೇಹದ ಅಂಚಿನಲ್ಲಿದ್ದವರು ಊಟ, ನಡಿಗೆ ಸರಿಪಡಿಸಿಕೊಂಡಾಗ ಕಾಯಿಲೆ ಬರುವ ಸಂಭವ ನೂರಕ್ಕೆ 28ರಷ್ಟು ಕಡಿಮೆಯಾಯಿತು. ಇದೆಲ್ಲ ನಮ್ಮ ಪಕ್ಕದ ರಾಜ್ಯದಲ್ಲೇ, ಅನ್ನ ಉಣ್ಣುವ ಜನರಲ್ಲೇ ಕಂಡದ್ದು.

ಈಗ ಚುಚ್ಚುಮದ್ದೂ ಬಂದಿದೆ. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ತೂಕದ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶದ ಅಂಗಡಿಗೆ ಬಂದವು. ಅವು ಕೆಲಸ ಮಾಡುತ್ತವೆ, ಸುಳ್ಳಲ್ಲ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತೆಂದು 2022ರ ವರದಿ ಹೇಳಿತು. ಚುಚ್ಚುಮದ್ದಿಗೂ ಉದ್ಯಾಪನೆಯಿಲ್ಲ! ತೂಕದ ಮಾತ್ರೆಯೆಂದು ಹೆಸರು ಮಾಡಿದ್ದ ಸಿಬುಟ್ರಮೀನನ್ನು ಹೃದಯಕ್ಕೆ ಅಪಾಯವೆಂದು ಸರ್ಕಾರ 2011ರಲ್ಲಿ ನಿಷೇಧಿಸಿದ್ದನ್ನೂ ನೆನಪಿಡಬೇಕು. ನೆಂಟರು ಹೇಳಿದರೆಂದು ಅಂಗಡಿಯಿಂದ ತಂದು ಚುಚ್ಚಿಕೊಳ್ಳುವ ವಸ್ತು ಇದಲ್ಲ.

ಇನ್ನು ಮನೆಯವರಿಗೆ ಎರಡು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 30 ಮಂದಿಗೆ ತೂಕ ಹೆಚ್ಚು. ಇದು ಒಬ್ಬಳ ಸೋಮಾರಿತನದ ಕಥೆಯೇ? ಮಿಕ್ಕ ಅನ್ನ, ಮಕ್ಕಳು ಬಿಟ್ಟ ರೊಟ್ಟಿ, ನೆಂಟರು ಬಂದಾಗಲೆಲ್ಲ ಸಕ್ಕರೆ ಹಾಕಿದ ಕಾಫಿ, ಇವಿಷ್ಟನ್ನೂ ಹಾಳಾಗಬಾರದೆಂದು ಹೊಟ್ಟೆಗೆ ಹಾಕಿಕೊಳ್ಳುವವಳು ಯಾರು? 'ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗಿ' ಎಂದು ಬೆಂಗಳೂರಿನವರು ಬರೆಯುತ್ತಾರೆ. ಸಕಲೇಶಪುರ, ಆಲೂರಿನ ಕಡೆ ಆ ಹೊತ್ತಿಗೆ ಕಾಫಿ ತೋಟದಿಂದ ಕಾಡಾನೆ ರಸ್ತೆ ದಾಟುತ್ತಿರುತ್ತದೆ. ಮಳೆಗಾಲದಲ್ಲಿ ಜಿಗಣೆ ಬೇರೆ. ಹಾಗಾಗಿ ನಮ್ಮ ಹೆಂಗಸರಿಗೆ ನಡೆಯಲು ಹಗಲಿನಲ್ಲೇ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಪಾತ್ರೆ ತೊಳೆಯುವವರು, ಮಕ್ಕಳನ್ನು ನೋಡಿಕೊಳ್ಳುವವರು ಮನೆಯಲ್ಲಿ ಇನ್ನೊಬ್ಬರಿರಬೇಕು.

ಯಜಮಾನರ ಎದೆ ಹಿಡಿದರೆ ಅದೇ ಗಳಿಗೆಯಲ್ಲಿ ಹಾಸನಕ್ಕೆ ಕಾರು ಹೊರಡುತ್ತದೆ. ಹೆಂಡತಿಯ ಮಂಡಿ ಊದಿದರೆ 'ತೂಕ ಇಳಿಸು' ಎಂಬ ಪುಕ್ಕಟೆ ಸಲಹೆ. ಆ ಸಲಹೆ ಕೊಡುವವರು ಬಸ್ ಛಾರ್ಜು, ರಕ್ತಪರೀಕ್ಷೆಯ ಖರ್ಚು, ತಿಂಗಳಿಗೊಂದು ದಿನದ ಬಿಡುವು, ಮೂರನ್ನೂ ಕೊಡಲಿ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿದೆ. ಅಲ್ಲಿಂದಲೇ ಶುರುವಾಗಲಿ. ಮೂರು ತಿಂಗಳಿಗೆ ಮತ್ತೆ ಹೋಗಿ, ಆರು ತಿಂಗಳಿಗೆ ಮತ್ತೆ ಹೋಗಿ. ತೂಕ ಇಳಿದ ಮೇಲೂ ಹೋಗಿ. 'ಇಳೀತಲ್ಲ, ಇನ್ಯಾಕೆ ಡಾಕ್ಟರು?' ಎಂದು ಯಾರಾದರೂ ಕೇಳಿದರೆ, ಅದಕ್ಕೇ ಎನ್ನಿ.