ಪತ್ರಿಕೋದ್ಯಮ ಓದುವ ಮಕ್ಕಳಿಗೂ ಒಂದು ಪಾಲಿರಲಿ

ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಜಮಾಅತ್‌ಗಳು, ಯುವಕರ ಸಂಘಗಳು, ಗಲ್ಫ್‌ನಲ್ಲಿರುವ ನಮ್ಮವರ ಸಂಘಟನೆಗಳು ಸ್ಕಾಲರ್‌ಶಿಪ್ ಹಂಚುತ್ತವೆ. ಸಂತೋಷದ ವಿಷಯ. ಆದರೆ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದು ಮೆಡಿಕಲ್, ಇಂಜಿನಿಯರಿಂಗ್, ಸಿಎ. ಪತ್ರಿಕೋದ್ಯಮ ಓದುವವರ ಹೆಸರು ಅಪರೂಪ. "ಪೇಪರಿಗೆ ಬರೆದು ಎಂತ ಸಿಗ್ಲಿಕ್ಕುಂಟು?" ಎಂಬ ಮಾತು ಮೊದಲು ಬರುವುದೇ ಮನೆಯೊಳಗಿಂದ.

ಇತ್ತ, ನಮ್ಮ ಬಗ್ಗೆ ತಪ್ಪು ಬರೆದರು, ಟಿವಿಯಲ್ಲಿ ಏನೇನೋ ತೋರಿಸಿದರು ಎಂಬ ದೂರು ಮಾತ್ರ ದಿನಾ ಉಂಟು. ಸುದ್ದಿಮನೆಯಲ್ಲಿ ನಮ್ಮ ಮಕ್ಕಳೇ ಇಲ್ಲದಿದ್ದರೆ ನಮ್ಮ ಕೇರಿಯ ಸಂಗತಿ ಅಲ್ಲಿ ಯಾರಿಗೆ ಗೊತ್ತಿರುತ್ತದೆ?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ನಮ್ಮ ಈ ಊರಿನಿಂದಲೇ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಲಂಕೇಶ್ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ದುಡಿದವರು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಧಾರಾವಾಹಿಯಾಗಿ ಬಂದದ್ದೂ ಅದೇ ಪತ್ರಿಕೆಯಲ್ಲಿ. ನಮ್ಮ ಹೆಣ್ಣುಮಕ್ಕಳಿಗೂ ಈ ದಾರಿ ಹೊಸತಲ್ಲ.

ಈ ಕೋರ್ಸಿನ ಖರ್ಚು ಫೀಸಿಗೆ ಮುಗಿಯುವುದಿಲ್ಲ. ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿಗೆ ಹೋದರೆ ಹಲವು ಕಡೆ ಸಂಬಳವಿಲ್ಲ. ರೂಮ್ ಬಾಡಿಗೆ, ಊಟ, ಬಸ್ಸು ಎಲ್ಲ ಕೈಯಿಂದಲೇ. ಬೀಡಿ ಕಟ್ಟಿ ಮನೆ ನಡೆಸುವ ಉಮ್ಮನಿಗೆ ಅದು ದೊಡ್ಡ ಹೊರೆ. ಒಂದೊಂದು ಜಮಾಅತ್ ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ಈ ಖರ್ಚನ್ನಾದರೂ ವಹಿಸಿಕೊಳ್ಳಲಿ ಎಂಬುದು ನಮ್ಮ ಕೋರಿಕೆ.

ಮಕ್ಕಳೂ ಸುಮ್ಮನೆ ಕೂರಬಾರದು. ರಾಜ್ಯ ಸರಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಕೊನೆಯ ದಿನ ಕಾಯಬೇಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ಮಂಜೂರಾದ ಹಣವೂ ಕೈಗೆ ಬರಲಿಕ್ಕಿಲ್ಲ.

ಕಾಲೇಜುಗಳ ಮೀಡಿಯಾ ಫೆಸ್ಟ್‌ಗಳಲ್ಲಿ ವರದಿ, ಫೋಟೊ, ಕಿರುಚಿತ್ರ ಸ್ಪರ್ಧೆಗಳಿರುತ್ತವೆ, ತಪ್ಪದೆ ಹೋಗಿ. ಕೆಲಸ ಕೇಳಲು ಹೋದಾಗ ಮಾರ್ಕ್ಸ್ ಕಾರ್ಡಿನ ಜೊತೆ ತೋರಿಸಲು ನೀವು ಮಾಡಿದ ಕೆಲಸವೂ ಬೇಕು. ಮೀಲಾದ್ ಸಮಯದಲ್ಲಿ ಭಾಷಣ, ಪ್ರಬಂಧ ಸ್ಪರ್ಧೆ ನಡೆಸುವ ನಮ್ಮ ಸಂಘಗಳು ಜೊತೆಗೊಂದು ವರದಿ ಸ್ಪರ್ಧೆಯನ್ನೂ ಇಡಲಿ. ಉಳ್ಳಾಲದ ಕಡಲ್ಕೊರೆತ, ಬೀಡಿ ಕಾರ್ಮಿಕರ ಕೂಲಿ: ವಿಷಯಕ್ಕೇನೂ ಬರಗಾಲವಿಲ್ಲ. ಮಕ್ಕಳು ಸ್ಥಳಕ್ಕೆ ಹೋಗಿ, ಜನರನ್ನು ಮಾತಾಡಿಸಿ ಬರೆಯಲಿ.

ಮುಂದಿನ ಕಮಿಟಿ ಮೀಟಿಂಗಿನಲ್ಲಿ ಈ ವಿಷಯ ಎತ್ತಿ. ಈ ವರ್ಷ ಒಂದು ಮಗುವಿಗೆ ಸಹಾಯ ಸಿಕ್ಕಿದರೂ ಸಾಕು, ಆರಂಭವಾಯಿತು.