ಸರಾಸರಿಯ ಪಾಠಕ್ಕೆ ಏಕಾಂತದ ಗುರು

ಕೃಷ್ಣಾ-ಭೀಮಾ ನದಿಗಳ ನಡುವಣ ವಡಗೇರಾ ಸೀಮೆಯ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿಯ ಮಕ್ಕಳು ಸರಾಸರಿ, ಮಧ್ಯಾಂಕ, ಬಹುಲಕಗಳ ಸೂತ್ರಗಳನ್ನು ಕಂಠಸ್ಥ ಮಾಡಿ ಪರೀಕ್ಷೆಗೆ ಕುಳಿತರೆ ಸಾಕೆಂಬ ಮಾತನ್ನು ನಾನು ಒಪ್ಪಲಾರೆ. ಐದು ಹೊಲಗಳಲ್ಲಿ ಎಕರೆಗೆ 4, 6, 15, 5, 5 ಕ್ವಿಂಟಾಲ್ ಹತ್ತಿ ಬಂದಿತೆಂದು ಭಾವಿಸೋಣ. ಸರಾಸರಿ 7 ಎಂದು ಹುಡುಗಿಯೊಬ್ಬಳು ಸರಿಯಾಗಿಯೇ ಹೇಳಿ, ಮಧ್ಯಾಂಕವನ್ನು ಕೇಳಿದಾಗ ಏರಿಕೆಯ ಕ್ರಮದಲ್ಲಿ ಜೋಡಿಸದೆ ನಡುವಿದ್ದ 15ನ್ನೇ ಬರೆದರೆ, ಆ ಪ್ರಮಾದದ ಮೂಲವು ತುಂಬಿದ ಕೋಣೆಯಲ್ಲಿ ಕರಿಹಲಗೆಗೆ ಮುಖಮಾಡಿದ ಉಪಾಧ್ಯಾಯರಿಗೆ ಕಾಣದು. ಪಕ್ಕದಲ್ಲಿ ಕುಳಿತು ಅವಳ ಪೆನ್ಸಿಲಿನ ಗತಿಯನ್ನೇ ನೋಡುವವರಿಗೆ ತತ್‌ಕ್ಷಣವೇ ಕಾಣುವುದು. ಐದರಲ್ಲಿ ನಾಲ್ಕು ಹೊಲಗಳು ಸರಾಸರಿಗಿಂತ ಕೆಳಗಿರುವುದೇಕೆಂದು ಅವಳೇ ಕೇಳುವಷ್ಟು ಬಿಡುವು ದೊರೆತಾಗಲೇ ಶಾಸ್ತ್ರಪ್ರವೇಶ.

ಜಗದ್ವಿಖ್ಯಾತ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1920ರಲ್ಲಿ ಜನಿಸಿದ್ದು ಹೂವಿನ ಹಡಗಲಿಯಲ್ಲಿ. ಈ ವಿದ್ಯೆ ಮಹಾನಗರಗಳ ಸ್ವತ್ತಲ್ಲ. ಶುಲ್ಕ ತೆತ್ತು ಮನೆಪಾಠ ಪಡೆಯಲು ಅಶಕ್ತರಾದವರಿಗಾಗಿ, ತಾಲ್ಲೂಕಿನ ಪದವೀಧರ ತರುಣ ತರುಣಿಯರನ್ನು ಗೌರವಧನವಿತ್ತು ನೇಮಿಸಿ, ವಾರಕ್ಕೊಂದು ಸಂಜೆ ಶಾಲೆಯಲ್ಲಿಯೇ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಪಾಠ ಹೇಳಿಸುವ ಏರ್ಪಾಡನ್ನು ಸರ್ಕಾರವು ಕೈಗೊಳ್ಳಲಿ. ಹತ್ತಿ ಬಿಡಿಸುವ ದಿನಗಳಲ್ಲಿ ಹೊಲಕ್ಕೆ ಹೋಗಿ ಪಾಠ ತಪ್ಪಿಸಿಕೊಂಡವರ ಹೆಸರುಗಳು ಈ ಪಾಠ ಪಡೆಯುವವರ ಪಟ್ಟಿಯಲ್ಲಿ ಮೊದಲು ಬರಲಿ.